ಸಿ.ಸಿ. ರಸ್ತೆಗೆ ಮಾರ್ಚ್ ಕಾಲವಲ್ಲ

ಮಾನ್ಯ ಸಂಪಾದಕರೇ,

ಹಳ್ಳಿಗಳ ಒಳರಸ್ತೆಗಳಿಗೆ ಕಾಂಕ್ರೀಟ್ ಹಾಕುವ ಭರಾಟೆ ಹೆಚ್ಚಾಗಿ ಫೆಬ್ರುವರಿ ಕೊನೆಗೇ ಶುರುವಾಗುತ್ತದೆ. ಮಾರ್ಚ್ 31ರೊಳಗೆ ಬಿಲ್ ಆಗದಿದ್ದರೆ ಅನುದಾನ ವಾಪಸ್ ಹೋದೀತೆಂಬ ಆತಂಕ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಬಿರುಕು ಬಿಟ್ಟರೆ ಸಿಮೆಂಟ್ ಕಡಿಮೆ ಹಾಕಿದರೆಂದು ಜನ ದೂರುತ್ತಾರೆ. ಅದೂ ಇರಬಹುದು. ಆದರೆ ಸಿಮೆಂಟ್ ಸರಿಯಾಗಿ ಹಾಕಿದರೂ ಈ ಅವಸರದಲ್ಲಿ ಮುಗಿಸಿದ ರಸ್ತೆ ಬಾಳುವುದು ಕಷ್ಟ.

100 ಮೀಟರ್ ಉದ್ದ, 4 ಮೀಟರ್ ಅಗಲ, 15 ಸೆಂ.ಮೀ. ದಪ್ಪದ ರಸ್ತೆ ತೆಗೆದುಕೊಳ್ಳಿ. 60 ಘನ ಮೀಟರ್ ಕಾಂಕ್ರೀಟ್, ಎಂ-30 ಎಂಬ ಬಲದ ದರ್ಜೆಗೆ ಸುಮಾರು 420 ಚೀಲ ಸಿಮೆಂಟ್. ಹಾಕುವುದು ಒಂದೆರಡು ದಿನದ ಕೆಲಸ. ಕ್ಯೂರಿಂಗ್, ಅಂದರೆ ಕಾಂಕ್ರೀಟ್ ಬಲಗೊಳ್ಳಲು ಅದನ್ನು ಸದಾ ಒದ್ದೆಯಾಗಿಡುವುದು, ಮಾತ್ರ ಕನಿಷ್ಠ 14 ದಿನ ಆಗಲೇಬೇಕು. ಮಣ್ಣಿನ ಸಣ್ಣ ಬದು ಕಟ್ಟಿ 5 ಸೆಂ.ಮೀ. ನೀರು ನಿಲ್ಲಿಸಲು 20,000 ಲೀಟರ್, ಅಂದರೆ 5,000 ಲೀಟರಿನ ನಾಲ್ಕು ಟ್ಯಾಂಕರ್ ಬೇಕು. ಬಿರುಬಿಸಿಲಿನಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾದರೂ 2,000 ಲೀಟರ್ ಮತ್ತೆ ತುಂಬಬೇಕು. ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಊರಲ್ಲಿ ಏಪ್ರಿಲ್‌ನಲ್ಲಿ ಇಷ್ಟು ನೀರು ಎಲ್ಲಿಂದ ಬರಬೇಕು? ಬೆಳಿಗ್ಗೆ ಒಂದು ಪೈಪ್ ಹಿಡಿದು ನೆನೆಸಿ ಹೋದರೆ ಮಧ್ಯಾಹ್ನಕ್ಕೆ ಮೇಲ್ಮೈ ಒಣಗಿ, ಕೆಲವೇ ತಿಂಗಳಲ್ಲಿ ಪುಡಿ ಏಳುತ್ತದೆ.

ಬಿಸಿಲಿನ ಇನ್ನೊಂದು ಕೇಡು ಮಿಕ್ಸರ್ ಬಳಿ ನಡೆಯುತ್ತದೆ. 50 ಕೆ.ಜಿ. ಚೀಲಕ್ಕೆ 22 ಲೀಟರ್ ಆಸುಪಾಸು ನೀರು ಸಾಕು. ಮಾಲು ಬೇಗ ಗಟ್ಟಿಯಾಗುತ್ತದೆಂದು ಇನ್ನೆರಡು ಮಗ್ಗು ಸುರಿಯುತ್ತಾರೆ. ಹರಡಲು ಸಲೀಸು, ಬಲ ಮಾತ್ರ ಅಲ್ಲೇ ಕುಸಿಯಿತು. ಸುಮಾರು 4 ಮೀಟರಿಗೊಂದರಂತೆ, ದಪ್ಪದ ಮೂರನೇ ಒಂದು ಭಾಗದ ಆಳಕ್ಕೆ ಜಾಯಿಂಟ್ (ಕಾಂಕ್ರೀಟ್ ಕುಗ್ಗುವಾಗ ಸೀಳು ಅಲ್ಲೇ ಬೀಳಲೆಂದು ಮಾಡುವ ಅಡ್ಡ ಗೀರು) ಕತ್ತರಿಸಬೇಕು. ಬೇಸಿಗೆಯಲ್ಲಿ ಇದು ಕೆಲವೇ ಗಂಟೆಗಳಲ್ಲಿ ಆಗಬೇಕು. ಕಟಿಂಗ್ ಮಷಿನ್ ಮರುದಿನ ಸಂಜೆ ಬಂದರೆ, ಅಷ್ಟರಲ್ಲಿ ಸ್ಲ್ಯಾಬ್ ತನಗೆ ಬೇಕಾದ ಕಡೆ ಸೀಳಿರುತ್ತದೆ.

ಆದ್ದರಿಂದ ಯೋಜನೆಯನ್ನು ಮಾರ್ಚ್‌ನಿಂದ ಹಿಂದಕ್ಕೆ ಎಣಿಸಿ ಬರೆಯಬೇಕು. ಮಾರ್ಚ್‌ನಲ್ಲಿ ಬಿಲ್ ಆಗಬೇಕಾದರೆ 28 ದಿನದ ಕ್ಯೂಬ್ ಪರೀಕ್ಷೆ (ಅದೇ ಕಾಂಕ್ರೀಟಿನಿಂದ ಮಾಡಿದ ಘನಾಕಾರದ ತುಂಡನ್ನು 28 ದಿನದ ಬಳಿಕ ಒತ್ತಿ ಬಲ ಅಳೆಯುವುದು) ಫೆಬ್ರುವರಿಗೆ ಮುಗಿದಿರಬೇಕು. ಹಾಗಾದರೆ ಕಾಂಕ್ರೀಟ್ ನವೆಂಬರ್‌ನಿಂದ ಜನವರಿಯೊಳಗೆ ಬೀಳಬೇಕು. ಅಳತೆ, ಅಂದಾಜುಪಟ್ಟಿ, ಟೆಂಡರ್ ಎಲ್ಲವನ್ನೂ ಮಳೆಗಾಲದಲ್ಲೇ ಮುಗಿಸಬಹುದು, ಆಗ ಹೇಗೂ ಕಾಂಕ್ರೀಟ್ ಕೆಲಸ ನಿಂತಿರುತ್ತದೆ. ಕಬ್ಬು ಸಾಗಿಸುವ ಊರುಗಳಲ್ಲಿ ಟ್ರ್ಯಾಕ್ಟರ್‌ಗಳಿಗೆ ಬದಲಿ ದಾರಿ ಮೊದಲೇ ಗುರುತಿಸಬೇಕು, ಇಲ್ಲದಿದ್ದರೆ ಹತ್ತನೇ ದಿನಕ್ಕೇ ಹಸಿ ರಸ್ತೆಯ ಮೇಲೆ ಲೋಡು ಹತ್ತುತ್ತದೆ.

ಕಾಂಕ್ರೀಟಿಗಿಂತ ಮೊದಲು ಚರಂಡಿ, ನಲ್ಲಿ ಪೈಪು. 2019ರಲ್ಲಿ ಜಲ ಜೀವನ್ ಮಿಷನ್ ಆರಂಭವಾದ ಮೇಲೆ, ಆಗಷ್ಟೇ ಹಾಕಿದ ರಸ್ತೆಗಳನ್ನೂ ಪೈಪಿಗಾಗಿ ಅಗೆದದ್ದನ್ನು ಎಷ್ಟೋ ಊರುಗಳಲ್ಲಿ ಕಂಡಿದ್ದೇವೆ. ಅಗೆದ ಪಟ್ಟಿಗೆ ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡದೆ ತೇಪೆ ಹಾಕಿದರೆ ಮೊದಲ ಮಳೆಗೇ ಕುಸಿಯುತ್ತದೆ. ಮನೆಗಳ ಮುಂದೆ ಅಡ್ಡಲಾಗಿ ಖಾಲಿ ಪೈಪು ಹುದುಗಿಸಿಟ್ಟರೆ ಮುಂದಿನ ಸಂಪರ್ಕಕ್ಕೆ ರಸ್ತೆ ಒಡೆಯಬೇಕಿಲ್ಲ.

ಕ್ಯೂಬ್ ಪರೀಕ್ಷೆಯ ವರದಿ ಮತ್ತು ಕ್ಯೂರಿಂಗ್ ನಡೆದ ದಿನಾಂಕಗಳಿಲ್ಲದೆ ಅಂತಿಮ ಬಿಲ್ ಪಾವತಿಸಬಾರದು. ಅವೆರಡರ ಪ್ರತಿಯನ್ನು ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೆ ಹಾಕಲು ಸಂಬಂಧಪಟ್ಟವರು ಆದೇಶ ಹೊರಡಿಸಬೇಕೆಂದು ಕೋರುತ್ತೇನೆ.

– ಒಬ್ಬ ಸಿವಿಲ್ ಎಂಜಿನಿಯರ್, ಹಾವೇರಿ