ಕತ್ತಿ ಅದ್ದಿ ನೋಡಿದ್ಯಾ?

ಗೆಳೆಯಾ,

ನಿನ್ನ ಮೆಸೇಜ್ ಬಂದು ಹದಿನೈದು ದಿನದ ಮೇಲಾಯಿತು. ಎರಡು ನೀಲಿ ಗೀಟು ನೋಡಿ, ಓದಿಯೂ ಉತ್ತರ ಕೊಡಲಿಲ್ಲ ಅಂತ ಬೈದುಕೊಂಡಿರುತ್ತೀಯ. ಏನು ಮಾಡುವುದು ಮಾರಾಯ, ಪುಷ್ಯ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದು ಆರು ದಿನ ಕರೆಂಟ್ ಇರಲಿಲ್ಲ. ಎರಡನೇ ದಿನಕ್ಕೆ ಟವರೂ ಮಲಗಿತು. ಗುಡ್ಡ ಹತ್ತಿದರೆ ಒಂದು ಕಡ್ಡಿ ಸಿಗ್ನಲ್ ಸಿಗುತ್ತದೆ. ಆದರೆ ಉಂಬಳ ಕಚ್ಚಿಸಿಕೊಂಡು ಗುಡ್ಡ ಹತ್ತಿ ಉತ್ತರ ಕೊಡುವಷ್ಟು ದೊಡ್ಡ ಮನುಷ್ಯ ನೀನಲ್ಲ, ಅಲ್ವಾ?

ಈಗ ಆಶ್ಲೇಷ ಹಿಡಿದಿದೆ. ಕರೆಂಟ್ ಬಂದಿದೆ. ಅಡಿಕೆ ತೋಟಕ್ಕೆ ಹೋಗುವ ಹಾಗಿಲ್ಲ. ಜಗಲಿಯಲ್ಲಿ ಕೂತು ನಿಧಾನವಾಗಿ ಬರೆಯುತ್ತಿದ್ದೇನೆ.

ನೀನು ಕೇಳಿದ್ದು ಇಷ್ಟೇ: ಈ ಫೋನು, ಎಐ ಎಲ್ಲ ಬಂದಮೇಲೆ ನಮ್ಮ ತಲೆ ಚುರುಕಾಗಿದೆಯಾ, ಮೊಂಡಾಗಿದೆಯಾ? ಆಫೀಸಿನಲ್ಲಿ ಎರಡು ಸಾಲಿನ ಮೇಲ್ ಬರೆಯಲೂ ಕೈ ಅದರ ಕಡೆಗೇ ಹೋಗುತ್ತದೆ, ಹೆದರಿಕೆ ಆಗ್ತಿದೆ ಅಂದೆ. ನಾನು ಊರಿಗೆ ಬಂದು ತೋಟ ಮಾಡಿಕೊಂಡಿರುವವನು, ನನಗೆ ಅಂಥ ತೊಂದರೆ ಇರಲಿಕ್ಕಿಲ್ಲ ಅಂತ ಬೇರೆ ಸೇರಿಸಿದ್ದೀಯ. ಅದಕ್ಕೇ ಈ ವರ್ಷ ಅಡಿಕೆಗೆ ಹೊಡೆದ ಎರಡನೇ ಔಷಧಿಯ ಕಥೆ ಹೇಳುತ್ತೇನೆ. ಮರ್ಯಾದೆ ಹೋಗುವ ಕಥೆ, ಆದರೂ ಹೇಳುತ್ತೇನೆ.

ಪುನರ್ವಸು ಮಳೆಯಲ್ಲಿ ಒಂದು ದಿನ ಸ್ವಲ್ಪ ಹೊಳವಾಯಿತು. ಮೊದಲ ಔಷಧಿ ಹೊಡೆದು ನಲವತ್ತು ದಿನ ಕಳೆದಿತ್ತು. ಇನ್ನೂ ತಡ ಮಾಡಿದರೆ ಅಡಿಕೆ ಕಾಯಿಗೆ ಕೊಳೆರೋಗ ಗ್ಯಾರಂಟಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಫೋನ್ ಮಾಡಿದೆ, ಪುಣ್ಯಕ್ಕೆ ಅವನು ಬಿಡುವಾಗಿದ್ದ. ನಾನು ಕೊಟ್ಟಿಗೆ ಪಕ್ಕ ಡ್ರಮ್ ಇಟ್ಟುಕೊಂಡು ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ಔಷಧಿ, ಮಾಡಲು ನಿಂತೆ. ಹಿಂದೆಲ್ಲ ಈ ಕೆಲಸ ಅಪ್ಪಯ್ಯನದು. ಈ ಸಲ ಅವರಿಗೆ ಮಂಡಿನೋವು. ಫೋನ್ ತೆಗೆದು ಎಐಯನ್ನು ಕೇಳಿದೆ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಎರಡನ್ನೂ ಬೇರೆ ಬೇರೆ ಐವತ್ತು ಲೀಟರ್ ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯಿರಿ, ಲೋಹದ ಪಾತ್ರೆ ಬೇಡ ಅಂತ ಚೆಂದವಾಗಿ ಹೇಳಿತು. ಎಲ್ಲ ಸರಿಯೇ. ನಾಚಿಕೆಯ ವಿಷಯ ಅಂದರೆ, ನನ್ನ ಡ್ರಮ್ ಇನ್ನೂರು ಲೀಟರಿನದು, ಅದಕ್ಕೆ ಎಷ್ಟು ಅಂತಲೂ ನಾನು ಅದನ್ನೇ ಕೇಳಿದೆ! ಎರಡೊಂದ್ಲ ಎರಡು. ಮಗ್ಗಿ ತಪ್ಪಿದ್ದಕ್ಕೆ ಮೇಷ್ಟ್ರ ಕೈಯಲ್ಲಿ ಗೆಣ್ಣಿಗೆ ಏಟು ತಿಂದವನು ನಾನು. ನಿನಗೆ ಗೊತ್ತಲ್ಲ, ಪಕ್ಕದಲ್ಲೇ ಕೂತಿದ್ದವನು ನೀನು.

ಕಲಸಿದೆ. ಒಳ್ಳೆ ಆಕಾಶದ ಬಣ್ಣ ಬಂತು. ಅಂಟಿಗೆ ರಾಳ ಸೇರಿಸಬೇಕು ಅನ್ನುವಷ್ಟರಲ್ಲಿ ಜಗಲಿಯಿಂದ ಅಪ್ಪಯ್ಯ ಕೂಗಿದರು.

"ಕತ್ತಿ ಅದ್ದಿ ನೋಡಿದ್ಯಾ?"

ಇಲ್ಲ ಅಂದೆ. ಅಳತೆ ಸರಿ ಹಾಕಿದ್ದೇನಲ್ಲ ಅಂತ ಸ್ವಲ್ಪ ಜೋರಾಗಿಯೇ ಅಂದೆ. ಅವರು ಮಾತಾಡಲಿಲ್ಲ. ಕೋಲು ಊರಿಕೊಂಡು ಇಳಿದು ಬಂದರು. ಹಳೇ ಕತ್ತಿಯೊಂದನ್ನು ಬೂದಿ ಹಾಕಿ ತಿಕ್ಕಿ ಬೆಳ್ಳಗೆ ಮಾಡಿದರು. ಡ್ರಮ್ಮಿನಲ್ಲಿ ಅದ್ದಿ ಹಿಡಿದುಕೊಂಡು ನಿಂತರು. ಒಂದೆರಡು ನಿಮಿಷ ಇರಬಹುದು. ತೆಗೆದು ನನ್ನ ಮುಖದ ಹತ್ತಿರ ಹಿಡಿದರು. ಅಲಗಿನ ತುದಿ ತಾಮ್ರದ ಚೊಂಬಿನ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

"ಸುಣ್ಣ ಸಾಲದು. ಹೀಗೇ ಹೊಡೆದಿದ್ರೆ ಕಾಯಿ ಸುಟ್ಟು ಉದುರ್ತಿತ್ತು."

ಆಗ ಸುಣ್ಣದ ಚೀಲ ನೋಡಿದೆ. ಮೊದಲ ಔಷಧಿಗೆ ತಂದು ಉಳಿದದ್ದು. ಬಾಯಿ ಕಟ್ಟಿರಲಿಲ್ಲ. ಮಳೆಗಾಲದ ಗಾಳಿ ಕುಡಿದು ಕುಡಿದು ಸತ್ವ ಹೋಗಿತ್ತು. ತೂಕದಲ್ಲಿ ಎರಡು ಕೆಜಿ ಸುಣ್ಣ, ಕೆಲಸದಲ್ಲಿ ಅಲ್ಲ. ಕೊನೆಗಾರ ಎಲೆ ಅಡಿಕೆ ಹಾಕಿಕೊಂಡು ನಗುತ್ತಾ ಕೂತಿದ್ದ. ಪಕ್ಕದ ಮನೆಯಿಂದ ಹೊಸ ಸುಣ್ಣ ತಂದು, ಕರಗಿಸಿ, ಚೊಂಬು ಚೊಂಬು ಸೇರಿಸುತ್ತಾ ಹೋದೆವು. ಪ್ರತಿ ಸಲ ಕತ್ತಿ ತಿಕ್ಕುವುದು, ಅದ್ದುವುದು. ಮೂರನೇ ಸಲಕ್ಕೆ ಕತ್ತಿ ಹೇಗೆ ಹೋಯಿತೋ ಹಾಗೇ ಬೆಳ್ಳಗೆ ಬಂತು.

ರಾತ್ರಿ ಮತ್ತೆ ಫೋನ್ ಹಿಡಿದೆ. ಕತ್ತಿ ಯಾಕೆ ಕೆಂಪಾಗುತ್ತದೆ ಅಂತ ಕೇಳಿದೆ. ಟಕ್ ಅಂತ ಹೇಳಿತು: ಸುಣ್ಣ ಕಡಿಮೆಯಾದರೆ ನೀರಿನಲ್ಲಿ ಮೈಲುತುತ್ತದ ತಾಮ್ರ ಬಿಡಿಯಾಗಿ ಉಳಿಯುತ್ತದೆ, ಕಬ್ಬಿಣ ಸಿಕ್ಕಿದ ಕೂಡಲೇ ಅದರ ಮೇಲೆ ಬಂದು ಕೂರುತ್ತದೆ. ತೆರೆದಿಟ್ಟ ಸುಣ್ಣದ ವಿಷಯವನ್ನೂ ಹೇಳಿತು. ಅಂದರೆ ನೋಡು, ಅದಕ್ಕೆ ಕತ್ತಿಯ ಪರೀಕ್ಷೆ ಗೊತ್ತಿತ್ತು. ನಾನು ಕೇಳಿರಲಿಲ್ಲ, ಅಷ್ಟೆ. ಅಪ್ಪಯ್ಯನಿಗೆ ಕಾರಣ ಗೊತ್ತಿರಲಿಲ್ಲ. ಕೆಂಪಾದರೆ ಸುಣ್ಣ ಸಾಲದು, ಅಷ್ಟೇ ಗೊತ್ತು. ಕಾರಣ ಓದಿ ಹೇಳಿದೆ. "ಹೌದಾ" ಅಂದು ಮಗ್ಗುಲು ಬದಲಿಸಿದರು.

ಹಾಗಂತ ಅಪ್ಪಯ್ಯನ ಕಾಲವೇ ಬುದ್ಧಿವಂತ ಕಾಲ, ನಮ್ಮದು ಕೆಟ್ಟಿತು ಅಂತ ಬರೆಯಲು ಹೊರಟಿಲ್ಲ. ಆ ಬೋರ್ಡೋ ಕೂಡ ನಮ್ಮ ಮುತ್ತಜ್ಜಂದಿರ ಕಾಲಕ್ಕೆ ಹೊರಗಿನಿಂದ ಬಂದ ಹೊಸ ಟೆಕ್ನಾಲಜಿಯೇ. ಅದಕ್ಕೆ ಮೊದಲು ಕೊಳೆ ಬರದ ಹಾಗೆ ಗೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಒಂದೊಂದು ಗೊನೆಗೂ ಟೋಪಿ ಹಾಕಿದ ಹಾಗೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದು, ಮಲೆನಾಡಿನ ಕೊಳೆರೋಗದ ಬೆನ್ನು ಹತ್ತಿ, ಬೋರ್ಡೋ ಹೊಡೆಯಿರಿ ಅಂತ ಹೇಳಿಕೊಟ್ಟರು. ಚೆನ್ನಾಗಿ ಕೊಟ್ಟೆ ಕಟ್ಟುವ ಕೈ ಹೋಯಿತು. ಆದರೆ ಕತ್ತಿ ಅದ್ದಿ ನೋಡುವ ಕಣ್ಣು ಬಂತು. ನಷ್ಟ ಅನ್ನುತ್ತೀಯಾ?

ಬೋರ್ಡೋ ಹುಟ್ಟಿದ್ದೂ ಮಜವಾಗಿದೆ. ಫ್ರಾನ್ಸಿನಲ್ಲಿ ದಾರಿ ಪಕ್ಕದ ದ್ರಾಕ್ಷಿಯನ್ನು ಕಳ್ಳರು ಕೀಳದಿರಲಿ ಅಂತ ಮೈಲುತುತ್ತ ಸುಣ್ಣ ಕಲಸಿ ಎರಚುತ್ತಿದ್ದರಂತೆ. ನೋಡಿದರೆ ವಿಷ ಹೊಡೆದ ಹಾಗೆ ಕಾಣಲಿ ಅಂತ. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ, ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ಹಿಡಿದಿಲ್ಲ ಅನ್ನುವುದನ್ನು ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಆ ದಾರಿಯಲ್ಲಿ ಎಷ್ಟು ಜನ ನಡೆದಿರಲಿಕ್ಕಿಲ್ಲ? ಅವರ್ಯಾರ ಕೈಯಲ್ಲೂ ಫೋನ್ ಇರಲಿಲ್ಲ ಬಿಡು. ಆದರೂ ಅವರಿಗೆ ಕಾಣಲಿಲ್ಲ.

ನೀನು ನೆನಪಿನ ಶಕ್ತಿಯ ಬಗ್ಗೆಯೂ ಕೊರಗಿದ್ದೀಯ. ಹೆಂಡತಿಯ ನಂಬರ್ ಬಾಯಿಗೆ ಬರುವುದಿಲ್ಲ ಅಂತ. ನನಗೂ ಬರುವುದಿಲ್ಲ, ಆದರೆ ಹಳೇ ಲ್ಯಾಂಡ್‌ಲೈನ್ ನಂಬರ್‌ಗಳು ಇವತ್ತಿಗೂ ಬಾಯಲ್ಲಿವೆ. ಇದರ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಂಡಿಲ್ಲ. 2011ರಲ್ಲಿ ಬೆಟ್ಸಿ ಸ್ಪ್ಯಾರೋ ಎಂಬ ಮನೋವಿಜ್ಞಾನಿ ಮತ್ತು ಜೊತೆಯವರು ಒಂದು ಅಧ್ಯಯನ ಮಾಡಿದ್ದರು. ಕಂಪ್ಯೂಟರಿನಲ್ಲಿ ಉಳಿಯುತ್ತದೆ ಅಂತ ಗೊತ್ತಿದ್ದರೆ ಜನ ವಿಷಯವನ್ನು ಅಷ್ಟಾಗಿ ನೆನಪಿಡುವುದಿಲ್ಲ, ಅದು ಎಲ್ಲಿದೆ ಅನ್ನುವುದನ್ನು ನೆನಪಿಡುತ್ತಾರೆ ಅಂತ. ಅದೇ ಅಧ್ಯಯನದ ಇನ್ನೊಂದು ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿದಾಗ ಅದೇ ಫಲ ಬರಲಿಲ್ಲ. 2018ರಲ್ಲಿ ಅದೂ ಪ್ರಕಟವಾಯಿತು. ಅವರೂ ಕತ್ತಿ ಅದ್ದಿ ನೋಡಿದರು ಅನ್ನು.

ಎಲ್ಲಿದೆ ಅಂತ ನೆನಪಿಡುವುದು ನಮಗೇನು ಹೊಸದಾ? ನಮ್ಮಜ್ಜಿ ಹತ್ತಿರ ಕೇರಿಯವರ ಹುಟ್ಟಿದ ದಿನಗಳೆಲ್ಲ ಇದ್ದವು. ತಾರೀಕಲ್ಲ, ಮಳೆ. ನಾನು ಹುಟ್ಟಿದ್ದು ಮಘೆ ಮಳೆ ಹಿಡಿದ ಎರಡನೇ ದಿನ, ಹಳ್ಳ ತುಂಬಿ ಸೂಲಗಿತ್ತಿ ತಡವಾಗಿ ಬಂದಳು. ಯಾರೂ ಬರೆದಿಟ್ಟುಕೊಳ್ಳುತ್ತಿರಲಿಲ್ಲ, ಅಜ್ಜಿಯನ್ನು ಕೇಳಿದರೆ ಮುಗಿಯಿತು. ಒಂದೇ ಕಷ್ಟ, ಅಜ್ಜಿ ಸುಮ್ನೆ ಹೇಳುತ್ತಿರಲಿಲ್ಲ. "ಯಾಕೆ ಕೇಳ್ತಿ? ಹೆಣ್ಣು ನೋಡ್ತಿದಾರಾ?" ಅಂತ ತಿರುಗಿ ಕೇಳುತ್ತಿದ್ದರು. ಫೋನೂ ಕೇಳುತ್ತದೆ, ಇನ್ನೇನಾದರೂ ಸಹಾಯ ಬೇಕಾ ಅಂತ, ಬಟ್ಟೆ ಅಂಗಡಿ ಹುಡುಗನ ಹಾಗೆ. ಯಾಕೆ ಬೇಕು ಅಂತ ಕೇಳುವುದಿಲ್ಲ.

ಇನ್ನು ಅಮ್ಮನ ವಿಷಯ. ಇದನ್ನು ಹೇಳದಿದ್ದರೆ ಪತ್ರ ಅರ್ಧವಾಗುತ್ತದೆ. ಅಮ್ಮ ಓದಿದ್ದು ಏಳನೇ ಕ್ಲಾಸ್. ಕಳೆದ ವರ್ಷ ನಾನೇ ಅವಳಿಗೆ ಮೈಕ್ ಒತ್ತಿ ಕನ್ನಡದಲ್ಲಿ ಕೇಳುವುದನ್ನು ಕಲಿಸಿದೆ. ಅಲ್ಲಿಂದ ಶುರು. ಅಪ್ಪೆಮಿಡಿ ಉಪ್ಪಿನಕಾಯಿ ಮೇಲೆ ಬೂಷ್ಟು ಯಾಕೆ ಬರುತ್ತೆ? ಚಂದ್ರ ಹಗಲು ಹೊತ್ತು ಯಾಕೆ ಕಾಣ್ತಾನೆ? ಐವತ್ತು ವರ್ಷದಿಂದ ಒಲೆ ಮುಂದೆ ಕೂತು ಕೂಡಿಟ್ಟ ಪ್ರಶ್ನೆಗಳು. ಯಾರನ್ನು ಕೇಳಬೇಕಿತ್ತು ಅವಳು? ಅಪ್ಪಯ್ಯನನ್ನು ಕೇಳಿದರೆ "ನಿಂಗೆ ಬೇರೆ ಕೆಲಸ ಇಲ್ವಾ" ಅನ್ನುತ್ತಿದ್ದರು. ನಾನೂ ಅದನ್ನೇ ಅಂದಿದ್ದೇನೆ.

ಈ ಸಲ ರೋಹಿಣಿ ಮಳೆ ಹೊತ್ತಿಗೆ ಮಿಂಚುಹುಳ ಎದ್ದವು. ಹಳ್ಳದ ಪಕ್ಕದ ಮರಗಳೆಲ್ಲ ಒಟ್ಟಿಗೇ ಹತ್ತುವುದು, ಒಟ್ಟಿಗೇ ಆರುವುದು, ನಿನಗೆ ನೆನಪಿರಬೇಕು. ಅವು ಯಾಕೆ ಮಿನುಗುತ್ತವೆ ಅಂತ ಅಮ್ಮ ಕೇಳಿದಳು. ಹಾರಾಡುತ್ತಾ ಮಿನುಗುವುದು ಹೆಚ್ಚಾಗಿ ಗಂಡು, ಕೆಲವು ಜಾತಿಗಳಲ್ಲಿ ಹೆಣ್ಣು ಕೆಳಗೆ ಹುಲ್ಲಿನಲ್ಲೋ ಎಲೆ ಮೇಲೋ ಕೂತು ಮಿನುಗಿ ಉತ್ತರ ಕೊಡುತ್ತದೆ ಅಂತ ಫೋನ್ ಹೇಳಿತು. ನಾನಾಗಿದ್ದರೆ ಓದಿ, ಓಹೋ ಅಂದು, ಮುಂದಿನ ವಿಡಿಯೋಕ್ಕೆ ಹೋಗುತ್ತಿದ್ದೆ. ಅಮ್ಮ ಫೋನನ್ನು ಅಕ್ಕಿ ಡಬ್ಬಿಯ ಮೇಲಿಟ್ಟಳು. ಜಗಲಿ ಲೈಟ್ ಆರಿಸಿ ಅಂತ ಅಪ್ಪಯ್ಯನಿಗೆ ಹೇಳಿದಳು. ಕುರ್ಚಿ ತಗೊಂಡು ಅಂಗಳದ ಅಂಚಿಗೆ ಹೋಗಿ ಕೂತಳು. ಅರ್ಧ ಗಂಟೆ, ಕತ್ತಲಲ್ಲಿ, ಸೊಳ್ಳೆ ಹೊಡೆದುಕೊಳ್ಳುತ್ತಾ. ಒಳಗೆ ಬಂದು ಹೇಳಿದ್ದು:

"ಕೆಳಗೆ ಕೆಸುವಿನ ಎಲೆ ಹತ್ರ ಒಂದು ಕಂಡಿತು. ಆದ್ರೆ ಅದು ಉತ್ತರ ಕೊಟ್ಟಿದ್ದೋ ಸುಮ್ನೆ ಮಿನುಗಿದ್ದೋ ಗೊತ್ತಾಗ್ಲಿಲ್ಲ. ನಾಳೆ ಮತ್ತೆ ನೋಡ್ತೀನಿ."

ಅದೇ ಫೋನು, ಅದೇ ಮನೆ. ಉತ್ತರ ಸಿಕ್ಕಿದ ಮೇಲೆ ನನ್ನ ನೋಟ ಮುಗಿಯುತ್ತದೆ, ಅವಳದು ಅಲ್ಲಿಂದ ಶುರುವಾಗುತ್ತದೆ. ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಇಷ್ಟೇ ಮಾರಾಯ. ಫೋನಿನದು ತಪ್ಪು ಅಂತ ಹೇಳಲು ಬಾಯಿ ಬರುವುದಿಲ್ಲ. ನನ್ನದು ಸೋಮಾರಿತನ ಅಂತ ಹೇಳಿಬಿಡೋಣ ಅಂದರೆ ಅದೂ ಪೂರ್ತಿ ಸರಿಯಲ್ಲ. ಆ ಸೋಮಾರಿತನವನ್ನು ಇಷ್ಟು ನುಣ್ಣಗೆ ಸಾಕುವ ವಸ್ತು ಹಿಂದೆ ಯಾವುದೂ ನನ್ನ ಜೇಬಿನಲ್ಲಿ ಇರಲಿಲ್ಲ.

ಮೊನ್ನೆ ಕವಲೇದುರ್ಗದ ಕೋಟೆ ನೋಡಲು ಹೊರಟ ಕಾರೊಂದು ನಮ್ಮ ಅಂಗಳಕ್ಕೇ ಬಂದು ನಿಂತಿತು. ಮುಂದೆ ಇರುವುದು ಹಳ್ಳ ದಾಟುವ ಕಾಲುಸಂಕ, ಅಡಿಕೆ ಮರದ ಎರಡು ದಬ್ಬೆ. ದಾರಿ ಇಲ್ಲ ಅಂದೆ. ಡ್ರೈವರ್ ಸಂಕದ ಕಡೆ ನೋಡಲಿಲ್ಲ, ಫೋನಿನ ಕಡೆ ನೋಡಿದ. "ಇದರಲ್ಲಿ ತೋರಿಸ್ತಿದೆಯಲ್ಲ ಸಾರ್" ಅಂದ. ಅಪ್ಪಯ್ಯ ಜಗಲಿಯಿಂದಲೇ, "ಹಾಗಾದ್ರೆ ಹೋಗಿ" ಅಂದರು. ಆಮೇಲೆ ಕಾಫಿ ಕೊಟ್ಟು ಕಳಿಸಿದೆವು.

ಕೊಯ್ಲಿಗೆ ಬರುತ್ತೇನೆ ಅಂದಿದ್ದೀಯ. ಬಾ. ನೀನೂ ಮ್ಯಾಪ್ ಹಾಕಿಕೊಂಡು ಬಂದರೆ ಆಚೆ ದಡದಲ್ಲಿ ನಿಂತು ಕೂಗಬೇಕಾಗುತ್ತದೆ. ತೀರ್ಥಹಳ್ಳಿ ದಾಟಿದ ಮೇಲೆ ಅದನ್ನು ಜೇಬಿಗೆ ಹಾಕು. ಹಲಸಿನ ಮರದ ಹತ್ತಿರ ಎಡಕ್ಕೆ ತಿರುಗು ಅಂತ ಹಿಂದೆ ಹೇಳಿದ್ದೆನಲ್ಲ, ಅದನ್ನೂ ನಂಬಬೇಡ. ಲೈನಿನ ಮೇಲೆ ಬಿದ್ದಿದ್ದು ಅದೇ ಮರ. ಬುಡ ಮಾತ್ರ ಉಳಿದಿದೆ, ರಸ್ತೆಯ ಬಲಗಡೆ. ಮಳೆ ಬಿಡುವಷ್ಟರಲ್ಲಿ ಅದರ ಸುತ್ತ ಹುಲ್ಲು ಎದ್ದಿರುತ್ತದೆ. ನಿಧಾನ ನೋಡಿಕೊಂಡು ಬಾ.

ನಿನ್ನ,
ಜಗಲಿಯ ಗೆಳೆಯ