ಚಿಕ್ಕಪ್ಪನ ಪ್ರಶ್ನೆಗೆ ಬ್ರಿಸ್ಬೇನಿನಿಂದ ಉತ್ತರ

ಬ್ರಿಸ್ಬೇನ್, ಆಸ್ಟ್ರೇಲಿಯಾ

ತೀರ್ಥರೂಪ ಅಪ್ಪನವರಿಗೂ ಮಾತೃಶ್ರೀ ಅಮ್ಮನಿಗೂ ನಿಮ್ಮ ಮಗಳು ಚೈತ್ರಾ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಜ್ಜಿಯ ಮಂಡಿನೋವು ಹೇಗಿದೆ, ಈ ಸಲ ಟೊಮೆಟೊಗೆ ಮಂಡಿಯಲ್ಲಿ ಏನು ಬೆಲೆ ಸಿಕ್ಕಿತು, ಬರೆದು ತಿಳಿಸಿ.

ಫೋನಿನಲ್ಲಿ ಮಾತನಾಡಿದರೆ ಅರ್ಧ ವಿಷಯ ಉಳಿದುಹೋಗುತ್ತದೆ, ಅದಕ್ಕೇ ಬರೆಯಲು ಕುಳಿತೆ. ಚಿಕ್ಕಪ್ಪನ ಮಗ ಮನೋಜ ಪಿಯುಸಿ ಮುಗಿಸಿ, ನನ್ನಂತೆ ತಾನೂ ವ್ಯಾಯಾಮದ ಶರೀರಶಾಸ್ತ್ರ ಓದುತ್ತೇನೆ ಎಂದು ಹಟ ಹಿಡಿದಿದ್ದಾನಂತೆ. "ಲಕ್ಷಗಟ್ಟಲೆ ಸುರಿದು ಓದಿಸಿದರೆ ಕೊನೆಗೆ ಪಿ.ಟಿ. ಮೇಷ್ಟರ ಕೆಲಸ ತಾನೇ?" ಎಂದು ಚಿಕ್ಕಪ್ಪ ಕೇಳಿದರು. ಮಗನ ಬಾಳಿನ ವಿಚಾರವಾದ್ದರಿಂದ ಅವರು ಕೇಳಿದ್ದು ನ್ಯಾಯವೇ. ಈ ಕಾಗದವನ್ನು ಅವರಿಗೂ ಓದಿ ಹೇಳಿ.

ಮಣಿಪಾಲದಲ್ಲಿ ಪದವಿಗೆ ಸೇರಿದಾಗಲೂ, ಈಗ ಇಲ್ಲಿ ಸ್ನಾತಕೋತ್ತರ ಓದುವಾಗಲೂ ನಾನು ಕಲಿಯುತ್ತಿರುವುದು ವ್ಯಾಯಾಮದ ಶರೀರಶಾಸ್ತ್ರ. ಮೈ ದುಡಿಯುವಾಗ ಹೃದಯ, ಶ್ವಾಸಕೋಶ, ರಕ್ತ, ಸ್ನಾಯುಗಳು ಹೇಗೆ ನಡೆದುಕೊಳ್ಳುತ್ತವೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿದರೆ ಹೇಗೆ ಬದಲಾಗುತ್ತವೆ, ಕಾಯಿಲೆ ಬಿದ್ದ ದೇಹ ಎಷ್ಟು ದುಡಿಮೆಯನ್ನು ತಾಳುತ್ತದೆ ಎಂಬುದು ಅದರ ಹೂರಣ. ಆಟಗಾರರು ಇದರಲ್ಲಿ ಒಂದು ಸಣ್ಣ ಪಾಲು ಮಾತ್ರ. ನನ್ನ ಮುಂದೆ ಬಂದು ಕೂರುವವರಲ್ಲಿ ಹೆಚ್ಚಿನವರು ಹೃದಯಾಘಾತವಾದವರು, ಸಕ್ಕರೆ ಕಾಯಿಲೆಯವರು, ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಸೋತವರು, ಸೊಂಟ ಹಿಡಿದುಕೊಂಡು ಕೆಲಸ ಬಿಟ್ಟವರು.

ಚಿಕ್ಕಪ್ಪ ಬಸ್ ಕಂಡಕ್ಟರ್ ಆದದ್ದರಿಂದ ಒಂದು ಸಂಗತಿಯನ್ನು ಅವರಿಗೆಂದೇ ಬರೆಯುತ್ತೇನೆ. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ದಿನವಿಡೀ ಕುಳಿತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಹರಿಯುತ್ತ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಇಬ್ಬರೂ ಒಂದೇ ಸಂಸ್ಥೆಯವರು, ಒಂದೇ ಬಸ್ಸಿನವರು. ಜೆರ್ರಿ ಮಾರಿಸ್ ಎಂಬ ವೈದ್ಯರು ಇವರ ಕಾಯಿಲೆಯ ದಾಖಲೆಗಳನ್ನು ಹೋಲಿಸಿ 1953ರಲ್ಲಿ ಪ್ರಕಟಿಸಿದರು. ಹೃದಯದ ಕಾಯಿಲೆ ಡ್ರೈವರ್‌ಗಳಿಗೆ ಹೆಚ್ಚು, ಕಂಡಕ್ಟರ್‌ಗಳಿಗೆ ಕಡಿಮೆ. ಬಂದರೂ ಅಷ್ಟು ತೀವ್ರವಲ್ಲ. ನನಗೆ ಮಾರಿಸ್ ಅವರ ಮೇಲೆ ಗೌರವ ಹೆಚ್ಚಾದದ್ದು ಆಮೇಲಿನ ಹೆಜ್ಜೆಯಿಂದ. ದಪ್ಪಗಿರುವವರೇ ಡ್ರೈವರ್ ಕೆಲಸಕ್ಕೆ ಹೋಗುತ್ತಿದ್ದಿರಬಹುದಲ್ಲ ಎಂಬ ಅನುಮಾನವನ್ನು ಅವರೇ ಎತ್ತಿಕೊಂಡು, ಸಂಸ್ಥೆ ಹೊಲಿಸಿಕೊಟ್ಟ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿದರು. ಡ್ರೈವರ್‌ಗಳ ಪ್ಯಾಂಟಿನ ಸೊಂಟದಳತೆ ನಿಜಕ್ಕೂ ದೊಡ್ಡದಿತ್ತು. ಹಾಗಾಗಿ ಕತೆ ಮೊದಲು ಕಂಡಷ್ಟು ಸರಳವಲ್ಲ ಎಂದು ಗೊತ್ತಾಯಿತು. ಆದರೂ ಕಾಗದ ಹಂಚುತ್ತ ಓಡಾಡುವ ಅಂಚೆಯವರನ್ನೂ ಕಚೇರಿಯಲ್ಲಿ ಕುಳಿತ ಗುಮಾಸ್ತರನ್ನೂ ಹೋಲಿಸಿದಾಗ ಅದೇ ದಿಕ್ಕಿನ ಉತ್ತರ ಬಂದಿತ್ತು. ತನಗೆ ಪ್ರಿಯವಾದ ಉತ್ತರವನ್ನೇ ಹೀಗೆ ಪರೀಕ್ಷೆಗೆ ಒಡ್ಡುವುದನ್ನು ಇಲ್ಲಿ ಕಲಿಸುತ್ತಾರೆ. ಮನೋಜನಿಗೆ ಈ ಓದು ಒಗ್ಗುವುದಾದರೆ ಇದಕ್ಕಾಗಿ ಒಗ್ಗಬೇಕು, ಜಿಮ್‌ನ ಆಸೆಗಾಗಿ ಅಲ್ಲ.

ನಮ್ಮ ಪ್ರಯೋಗಾಲಯದಲ್ಲಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತ, ಮೂಗು ಬಾಯಿಗೆ ಮುಖವಾಡ ಕಟ್ಟಿ, ಒಳಗೆ ಹೋದ ಆಮ್ಲಜನಕ ಎಷ್ಟು, ಹೊರಬಂದ ಇಂಗಾಲದ ಡೈಆಕ್ಸೈಡ್ ಎಷ್ಟು ಎಂದು ಉಸಿರು ಉಸಿರಿಗೂ ಅಳೆಯುತ್ತೇವೆ. ಸುಮ್ಮನೆ ಕುಳಿತವರಿಗೆ ಮೈತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ ಸುಮಾರು 3.5 ಮಿಲಿಲೀಟರ್ ಆಮ್ಲಜನಕ ಸಾಕು. ದುಡಿಮೆ ಏರಿದಂತೆ ಅದೂ ಏರುತ್ತದೆ, ಆದರೆ ಒಂದು ಹಂತದ ಮೇಲೆ ಏರದೆ ನಿಲ್ಲುತ್ತದೆ. ಈ ಮಿತಿಯನ್ನು ಮೊದಲಿಗೆ ಸ್ಪಷ್ಟವಾಗಿ ತೋರಿಸಿದವರಲ್ಲಿ ಇಂಗ್ಲೆಂಡಿನ ಎ.ವಿ. ಹಿಲ್ ಒಬ್ಬರು. ಸ್ನಾಯುಗಳ ಶಾಖದ ಅಧ್ಯಯನಕ್ಕೆ 1922ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಅವರು ಹುಲ್ಲಿನ ಹಾದಿಯಲ್ಲಿ ತಾವೇ ಓಡಿ, ಬಿಟ್ಟ ಉಸಿರನ್ನು ಬೆನ್ನಿನ ಚೀಲದಲ್ಲಿ ಹಿಡಿದು ಅಳೆದಿದ್ದರು. ಇವತ್ತು ಸೋತ ಹೃದಯದ ರೋಗಿಗೆ ಬೇರೆ ಹೃದಯ ಜೋಡಿಸಬೇಕೇ ಎಂದು ವೈದ್ಯರು ನಿರ್ಧರಿಸುವಾಗ ನೋಡುವ ಅಂಕಿಗಳಲ್ಲಿ ಇದೂ ಒಂದು. ಇಂಥ ಅಂಕಿಯನ್ನು ತಪ್ಪಿಲ್ಲದೆ ತೆಗೆದುಕೊಡುವ ಹೊಣೆ ನಮ್ಮಂಥವರದು.

ಹೃದಯಾಘಾತವಾಗಿ ಚೇತರಿಸಿಕೊಳ್ಳುತ್ತಿದ್ದ ಒಬ್ಬ ಹಿರಿಯರು ನನ್ನ ಬಳಿಗೆ ಬರುತ್ತಿದ್ದರು. ಅವರಿಗೆ ನೋವಿಗಿಂತ ಭಯ ಹೆಚ್ಚು. ಮನೆಯ ಮೆಟ್ಟಿಲು ಹತ್ತಲು ಹೆದರಿ ಕೆಳಗಿನ ಕೋಣೆಯಲ್ಲೇ ಮಲಗುತ್ತಿದ್ದರು. ಅವರು ನುಂಗುವ ಬೀಟಾ ಬ್ಲಾಕರ್ ಮಾತ್ರೆ ನಾಡಿಯನ್ನು ಹತೋಟಿಯಲ್ಲಿ ಇಡುವುದರಿಂದ ಬರೀ ನಾಡಿ ಎಣಿಸಿ ದಣಿವನ್ನು ಅಳೆಯಲಾಗುವುದಿಲ್ಲ. ಆಗ ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನಶ್ಶಾಸ್ತ್ರಜ್ಞರು ರೂಪಿಸಿದ ಪಟ್ಟಿಯನ್ನು ಮುಂದಿಡುತ್ತೇವೆ. ಅದರಲ್ಲಿ 6 ಎಂದರೆ ಶ್ರಮವೇ ಇಲ್ಲ, 20 ಎಂದರೆ ಇನ್ನು ಸಾಧ್ಯವೇ ಇಲ್ಲ. ನಿಮಗೆ ಈಗ ಎಷ್ಟು ಅನಿಸುತ್ತಿದೆ ಎಂದು ಕೇಳುತ್ತ, ಇಸಿಜಿ ಮತ್ತು ರಕ್ತದೊತ್ತಡದ ಮೇಲೆ ಕಣ್ಣಿಟ್ಟು, ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋದೆವು. ಕೊನೆಗೊಂದು ದಿನ ಅವರು ಮಹಡಿಯ ತಮ್ಮ ಕೋಣೆಗೆ ಮರಳಿದೆ ಎಂದು ಹೇಳಿದಾಗ ಅವರ ಹೆಂಡತಿ ನನ್ನ ಎರಡೂ ಕೈ ಹಿಡಿದುಕೊಂಡರು. ಚಿಕ್ಕಪ್ಪ, ನಾನು ಕಲಿಯುತ್ತಿರುವ ಕೆಲಸ ಇದು.

ಅಪ್ಪ, ಈಗ ನಿಮ್ಮ ಸಕ್ಕರೆ ಕಾಯಿಲೆಯ ವಿಷಯ. "ತೋಟದಲ್ಲೇ ಇರುತ್ತೇನೆ, ಬೇರೆ ವ್ಯಾಯಾಮ ಯಾಕೆ?" ಎನ್ನುತ್ತೀರಿ. ಹನಿ ನೀರಾವರಿ ಬಂದ ಮೇಲೆ ನೀವು ಮಾಡುವುದು ವಾಲ್ವ್ ತಿರುಗಿಸುವುದು, ಕೂಲಿಯವರನ್ನು ನೋಡಿಕೊಳ್ಳುವುದು, ಬೈಕಿನಲ್ಲಿ ಮಂಡಿಗೆ ಹೋಗುವುದು. ಗುದ್ದಲಿ ಹಿಡಿದ ಕಾಲದ ದುಡಿಮೆ ಈಗಿಲ್ಲ. ಇನ್ನು ಅಮ್ಮ ದಿನವಿಡೀ ಬಗ್ಗಿ ಹಣ್ಣು ಕೀಳುತ್ತಾಳೆ. ಅದು ಬೇರೆಯದೇ ಸಮಸ್ಯೆ. ಬಿಸಿಲಿನಲ್ಲಿ ವಿರಾಮವಿಲ್ಲದೆ ಒಂದೇ ಭಂಗಿಯಲ್ಲಿ ಮಾಡುವ ಕೆಲಸ ಹೃದಯಕ್ಕೆ ವ್ಯಾಯಾಮದಷ್ಟೇ ಒಳ್ಳೆಯದೇ ಎಂಬುದರ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ವಾದ ನಡೆಯುತ್ತಿದೆ. ಅಮ್ಮನಿಗೆ ಬೇಕಾದ್ದು ನಡುನಡುವೆ ನೆರಳು, ನೀರು, ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬಿಡುವು. ಇದನ್ನು ನೀವೇ ನೋಡಿಕೊಳ್ಳಬೇಕು.

ಸ್ನಾಯು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ಇನ್ಸುಲಿನ್ನಿನ ಸಹಾಯವಿಲ್ಲದೆಯೂ ಒಳಗೆ ಎಳೆದುಕೊಳ್ಳುತ್ತದೆ. ಸಕ್ಕರೆಯನ್ನು ಸಾಗಿಸುವ ಪ್ರೋಟೀನು ಸ್ನಾಯುಕೋಶದ ಒಳಗಿನಿಂದ ಅದರ ಪೊರೆಗೆ ಬಂದು ನಿಲ್ಲುವುದಕ್ಕೆ ದುಡಿಮೆಯೇ ಸಾಕು. ವ್ಯಾಯಾಮ ನಿಲ್ಲಿಸಿದ ಮೇಲೂ ಒಂದೆರಡು ದಿನ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಆಮೇಲೆ ಆ ಪ್ರಯೋಜನ ಕರಗುತ್ತದೆ. ಆದ್ದರಿಂದ ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷವಾದರೂ ಬಿರುಸಿನ ನಡಿಗೆಯಂಥ ಚಟುವಟಿಕೆ, ಅದರ ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅಷ್ಟು ಬಿರುಸು ಸಾಕು. ಬಲಕ್ಕೆಂದು ಜಗುಲಿಯ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಅಭ್ಯಾಸ ಮಾಡಿ. ಅಜ್ಜಿಯೂ ಮಾಡಲಿ, ಆದರೆ ಕೈ ಊರಿಕೊಂಡು. ಒಮ್ಮೆಲೇ ಅಂತರಗಂಗೆಯ ಮೆಟ್ಟಿಲು ಹತ್ತಿ ಶಕ್ತಿ ಪರೀಕ್ಷಿಸಲು ಹೋಗಬೇಡಿ. ನಿಮ್ಮ ಮಾತ್ರೆಯಲ್ಲಿ ರಕ್ತದ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಇರುವುದರಿಂದ ನಡಿಗೆಯಲ್ಲಿ ಸಕ್ಕರೆ ತೀರ ಕೆಳಗಿಳಿಯಬಹುದು. ಹೊಸದಾಗಿ ಶುರುಮಾಡುವ ಮುನ್ನ ವೈದ್ಯರಿಗೆ ತಿಳಿಸಿ, ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಿ, ಬೆವರು ನಡುಕ ಬಂದರೆ ತಿಂದು ಕುಳಿತುಕೊಳ್ಳಿ. ಎದೆ ಹಿಡಿದಂತಾದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬರಿಗಾಲಿನಲ್ಲಿ ಬದುವಿನ ಮೇಲೆ ನಡೆಯಬೇಡಿ. ರಾತ್ರಿ ಅಂಗಾಲು ನೋಡಿಕೊಳ್ಳಿ.

ಮೊನ್ನೆ ಬಿಸಿಲು ಮತ್ತು ದೇಹದ ಬಗ್ಗೆ ಪಾಠವಿತ್ತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಹೊಸಬರನ್ನು ಆಳಕ್ಕೆ ಇಳಿಸುವ ಮುನ್ನ ಬಿಸಿ ಕೋಣೆಯಲ್ಲಿ ಮೆಟ್ಟಿಲು ಹತ್ತಿಸಿ ಇಳಿಸಿ ಪಳಗಿಸುತ್ತಿದ್ದ ವಿಚಾರ ಬಂತು. ಶಾಖದಲ್ಲಿ ಒಂದೆರಡು ವಾರ ದುಡಿದರೆ ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆಯಾಗುತ್ತದೆ. ನನಗೆ ಕೂಡಲೇ ನೆನಪಾದದ್ದು ಕೆಜಿಎಫ್‌ನಲ್ಲಿ ದುಡಿದ ಅಮ್ಮನ ಅಪ್ಪ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಆ ಗಣಿ 2001ರಲ್ಲಿ ಮುಚ್ಚಿತು. ಕೆಳಗಿನ ಬಂಡೆಯ ಕಾವನ್ನು ತಾತ ಹೇಳುತ್ತಿದ್ದರೆ ನಾವು ಕತೆಯೆಂದು ಕೇಳುತ್ತಿದ್ದೆವು. ಅವರ ದೇಹ ಎಷ್ಟು ದೊಡ್ಡ ಕೆಲಸ ಮಾಡುತ್ತಿತ್ತೆಂದು ಈಗ ತಿಳಿಯುತ್ತಿದೆ. ಆಸ್ಟ್ರೇಲಿಯಾದಲ್ಲೂ ಗಣಿಗಳಿವೆ. ಭಾರದ ಕೆಲಸಕ್ಕೆ ಸೇರುವವರ ಕ್ಷಮತೆ ನೋಡುವುದು, ಪೆಟ್ಟಾದವರನ್ನು ಹಂತಹಂತವಾಗಿ ಕೆಲಸಕ್ಕೆ ಮರಳಿಸುವುದು ನಮ್ಮವರಿಗೆ ಇರುವ ಉದ್ಯೋಗಗಳಲ್ಲಿ ಒಂದು. ನನಗೆ ಆ ಕಡೆಗೇ ಮನಸ್ಸು ಎಳೆಯುತ್ತಿದೆ.

ಉಳಿದ ಉದ್ಯೋಗಗಳನ್ನೂ ಹೇಳಿಬಿಡುತ್ತೇನೆ. ಇಲ್ಲಿ ಮಾನ್ಯತೆ ಪಡೆದ ವ್ಯಾಯಾಮ ಶರೀರಶಾಸ್ತ್ರಜ್ಞರನ್ನು 2006ರಿಂದ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಒಪ್ಪಿಕೊಂಡಿದೆ. ದೀರ್ಘಕಾಲದ ಕಾಯಿಲೆ ಇರುವವರನ್ನು ಕುಟುಂಬ ವೈದ್ಯರು ಕಳಿಸಿದರೆ ವರ್ಷಕ್ಕೆ 5 ಭೇಟಿಗಳವರೆಗೆ ಸಹಾಯಧನ ಸಿಗುತ್ತದೆ. ಆ ಐದರಲ್ಲೇ ಫಿಸಿಯೊಥೆರಪಿ, ಆಹಾರ ತಜ್ಞರ ಭೇಟಿಗಳೂ ಸೇರುತ್ತವೆ. ಇಷ್ಟು ಸಾಲದು ಎಂಬುದು ನನ್ನ ಅಭಿಪ್ರಾಯ, ನಡೆಯುವ ಅಭ್ಯಾಸ ಐದು ಭೇಟಿಯಲ್ಲಿ ಕೂರುವುದಿಲ್ಲ. ಆಸ್ಪತ್ರೆಗಳ ಹೃದಯ ಮತ್ತು ಶ್ವಾಸಕೋಶ ಪುನಶ್ಚೇತನ ವಿಭಾಗ, ಖಾಸಗಿ ಕ್ಲಿನಿಕ್, ಅಂಗವಿಕಲರ ಯೋಜನೆ, ನಿವೃತ್ತ ಸೈನಿಕರ ಸೇವೆ, ವೃದ್ಧಾಶ್ರಮಗಳಲ್ಲಿ ಕೆಲಸವಿದೆ. ದೊಡ್ಡ ಕ್ರೀಡಾ ತಂಡಗಳ ಹುದ್ದೆಗಳು ಬೆರಳೆಣಿಕೆಯಷ್ಟು, ಅದಕ್ಕೆ ಕಾಯುವವರು ಬಹಳ. ಮಾನ್ಯತೆ ಕೊಡುವ ಸಂಸ್ಥೆಯ ಹೆಸರು ಎಕ್ಸರ್‌ಸೈಜ್ ಅಂಡ್ ಸ್ಪೋರ್ಟ್ಸ್ ಸೈನ್ಸ್ ಆಸ್ಟ್ರೇಲಿಯಾ. ಅದು ಒಪ್ಪಿದ ಪದವಿಯ ಜೊತೆಗೆ ನೂರಾರು ಗಂಟೆ ರೋಗಿಗಳೊಂದಿಗೆ ಮೇಲ್ವಿಚಾರಣೆಯಲ್ಲಿ ದುಡಿದಿರಬೇಕು. ದೇಶ ಬದಲಾದರೆ ನಿಯಮವೂ ಬದಲಾಗುತ್ತದೆ.

ನಮ್ಮಲ್ಲಿ ಈ ಹೆಸರಿನ ಹುದ್ದೆ ಇನ್ನೂ ಅಪರೂಪ. ಆಸ್ಪತ್ರೆಗಳಲ್ಲಿ ಈ ಕೆಲಸದ ಹೆಚ್ಚಿನ ಭಾಗವನ್ನು ಫಿಸಿಯೊಥೆರಪಿಸ್ಟ್‌ಗಳೇ ಮಾಡುತ್ತಾರೆ. ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರ, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ, ಖಾಸಗಿ ಅಕಾಡೆಮಿಗಳಂಥ ಕಡೆ ಅವಕಾಶವಿದೆ, ಆದರೆ ಕಡಿಮೆ. ಆದ್ದರಿಂದ ಮನೋಜನಿಗೆ ನನ್ನ ಸಲಹೆ ಇಷ್ಟು: ಪದವಿಗೇ ಸಾಲ ಮಾಡಿ ಹೊರದೇಶಕ್ಕೆ ಬರುವುದು ಬೇಡ. ಫಿಸಿಯೊಥೆರಪಿಯನ್ನೋ ಮಣಿಪಾಲದಂಥ ಕಡೆ ವ್ಯಾಯಾಮ ವಿಜ್ಞಾನವನ್ನೋ ಊರಿನ ಹತ್ತಿರವೇ ಓದಲಿ. ಈ ಎರಡರಲ್ಲಿ ಊರಲ್ಲೇ ಬದುಕು ಕಟ್ಟುವ ಮನಸ್ಸಿದ್ದರೆ ಫಿಸಿಯೊಥೆರಪಿಯೇ ಭದ್ರ. ರೋಗಿಯ ಬೆವರು, ಕೋಪ, ಅಳು ಎಲ್ಲವನ್ನೂ ತಾಳುವ ಸ್ವಭಾವ ತನಗಿದೆಯೇ ಎಂದು ಆ ವರ್ಷಗಳಲ್ಲಿ ಅವನಿಗೇ ಗೊತ್ತಾಗುತ್ತದೆ. ಆಮೇಲೂ ಆಸೆ ಉಳಿದಿದ್ದರೆ ಸ್ನಾತಕೋತ್ತರಕ್ಕೆ ಬರಲಿ, ಅರ್ಜಿ ಹಾಕುವ ಮುನ್ನ ಆ ಕೋರ್ಸಿಗೆ ಮಾನ್ಯತೆ ಇದೆಯೇ ಎಂದು ನಾನೇ ನೋಡಿಕೊಡುತ್ತೇನೆ. ಏಜೆಂಟರ ಮಾತು ನಂಬಿ ಮುಂಗಡ ಕೊಡಬೇಡಿ.

ಚಿಕ್ಕಪ್ಪ, ಮನೋಜನ ಪಿಯುಸಿಯಲ್ಲಿ ಜೀವಶಾಸ್ತ್ರ ಇದೆಯೇ, ಅದರಲ್ಲಿ ಅಂಕ ಎಷ್ಟು ಬರುತ್ತಿದೆ ಎಂದು ಬರೆಯಿರಿ. ಅವನೇ ಭಾನುವಾರ ಫೋನ್ ಮಾಡಿದರೆ ಇನ್ನೂ ಒಳ್ಳೆಯದು. ಇಲ್ಲಿ ನಿಮಗಿಂತ ನಾಲ್ಕೂವರೆ ಗಂಟೆ ಮುಂದೆ, ಆದ್ದರಿಂದ ಸಂಜೆ ಐದರೊಳಗೆ ಮಾಡಲಿ. ಅಪ್ಪ, ನಡಿಗೆಗೆ ಮೊದಲು ಮತ್ತು ನಂತರದ ಸಕ್ಕರೆಯ ಅಂಕಿಯನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿಡಿ. ಅಮ್ಮ, ನೀನು ಅದರ ಫೋಟೊ ತೆಗೆದು ವಾರಕ್ಕೊಮ್ಮೆ ಕಳಿಸು.

ಇಂತಿ ನಿಮ್ಮ ಮಗಳು,
ಚೈತ್ರಾ