ಮಗಳಿಗೊಂದು ಪತ್ರ: ಬರೆ ಕಡಿಯುವ ಮೊದಲು

ಪುಟ್ಟೀ,

ಫೋನಿನಲ್ಲಿ ಮಾತು ಜಗಳಕ್ಕೆ ತಿರುಗಿತು. ಅಳಿಯಂದಿರು ಪಕ್ಕದಲ್ಲಿರುವಾಗ ಅಷ್ಟು ಗಟ್ಟಿಯಾಗಿ ಅನ್ನಬಾರದಿತ್ತು, ಅದಕ್ಕೆ ಬೇಸರವಿದೆ. ಅಂದದ್ದಕ್ಕೆ ಬೇಸರವಿಲ್ಲ. ಸೋಮವಾರ ಜೆಸಿಬಿ ಬರುತ್ತದೆ, ಕೊಡಗಿನ ಮಾದಾಪುರದ ಸೈಟಿನ ಹಿಂದೆ 20 ಅಡಿ ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಹೋಮ್‌ಸ್ಟೇಗೆ ಜಾಗ ಮಟ್ಟ ಮಾಡಿಸುತ್ತೇವೆ ಎಂದೆಯಲ್ಲ, ಅದಕ್ಕೇ ಈ ಕಾಗದ.

"ಇಲ್ಲಿ ಎಲ್ಲರೂ ಹಾಗೇ ಕಡಿದಿದ್ದಾರೆ, ನೆಟ್ಟಗೆ ನಿಂತಿದೆ" ಎಂದೆ. ಫೆಬ್ರವರಿಯಲ್ಲಿ ನಿಲ್ಲದೆ ಏನು? ಈಗ ಆ ಕೆಂಪು ಮಣ್ಣಿನ ಕಣಗಳ ನಡುವೆ ಇರುವುದು ತುಸು ತೇವ, ಉಳಿದದ್ದು ಗಾಳಿ. ಆ ತೆಳು ತೇವವೇ ಕಣಗಳನ್ನು ಒಂದಕ್ಕೊಂದು ಎಳೆದು ಹಿಡಿದಿದೆ. ಜುಲೈಯಲ್ಲಿ ಗಾಳಿಯ ಜಾಗಕ್ಕೆಲ್ಲ ನೀರು ತುಂಬಿದರೆ ಆ ಹಿಡಿತ ಇಲ್ಲವಾಗುತ್ತದೆ. ಅಷ್ಟೇ ಅಲ್ಲ, ಒತ್ತಡಕ್ಕೆ ಸಿಕ್ಕ ನೀರು ಕಣಗಳನ್ನು ದೂರ ತಳ್ಳುತ್ತದೆ, ಮಣ್ಣಿನ ತೂಕವೂ ಏರುತ್ತದೆ. ಕೆಳಗೆ ಎಳೆಯುವ ಭಾರ ಹೆಚ್ಚಿತು, ತಡೆಯುವ ಬಲ ಕುಗ್ಗಿತು, ಆತು ನಿಂತಿದ್ದ ಬುಡವನ್ನು ನೀವೇ ತೆಗೆದಿರುತ್ತೀರಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದಲ್ಲಿ ಗುಡ್ಡ ಕುಸಿದದ್ದು ನಿನ್ನ ಸೈಟಿನಿಂದ ದೂರದ ಮಾತಲ್ಲ. ಆ ವರ್ಷ ಜುಲೈಯಲ್ಲಿ ನೆಲ ನಡುಗಿತ್ತು, ಅದರಿಂದಲೇ ಕುಸಿಯಿತು ಎಂದು ಅಳಿಯಂದಿರು ಹೇಳುತ್ತಾರೆ. ಅದೊಂದು ಸಣ್ಣ ಕಂಪನ. ಗುಡ್ಡ ಇಳಿದದ್ದು ತಿಂಗಳು ಕಳೆದ ಮೇಲೆ, ಬಿಡದೆ ಸುರಿದ ಮಳೆಗೆ. ಭೂಮಿಯ ಮೇಲೆ ತಪ್ಪು ಹೊರಿಸಿದರೆ ನಾವು ಕಡಿದದ್ದು ಮರೆಯಾಗುತ್ತದೆ, ಅಷ್ಟೇ.

ಉತ್ತರ ಕನ್ನಡದ ಶಿರೂರನ್ನೂ ನೋಡು. ಹೆದ್ದಾರಿಗಾಗಿ ಬುಡ ಕಡಿದಿದ್ದ ಗುಡ್ಡ 2024ರ ಜುಲೈ 16ರಂದು ಇಳಿದು ಟೀ ಅಂಗಡಿ, ಟ್ಯಾಂಕರನ್ನೆಲ್ಲ ಗಂಗಾವಳಿ ನದಿಗೆ ತಳ್ಳಿತು. ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳನ್ನೂ ಬಿಡಲಿಲ್ಲ.

ಹಿಂದೆ ಗೋಡೆ ಕಟ್ಟಿಸುತ್ತೇವಲ್ಲ ಎನ್ನುತ್ತೀ. ಲೆಕ್ಕ ಹಾಕೋಣ. 3 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿ ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ನೀರೊಂದೇ ಸುಮಾರು ನಾಲ್ಕೂವರೆ ಟನ್ ಒತ್ತುತ್ತದೆ. ಎತ್ತರ ಇಮ್ಮಡಿಯಾದರೆ ಒತ್ತಡ ಇಮ್ಮಡಿಯಲ್ಲ, ನಾಲ್ಕು ಪಟ್ಟು: ನಿನ್ನ 20 ಅಡಿಗೆ ಸುಮಾರು 18 ಟನ್. ಮಣ್ಣಿನ ಒತ್ತಡ ಬೇರೆ. ಮೇಸ್ತ್ರಿ ಕಲ್ಲು ದಪ್ಪ ಮಾಡುತ್ತೇನೆ ಎನ್ನುತ್ತಾನೆ, ನೀರಿಗೆ ದಾರಿ ಬಿಡುತ್ತೇನೆ ಎನ್ನುವುದಿಲ್ಲ. ಗೋಡೆ ಹಿಂದೆ ಒಂದಡಿ ದಪ್ಪಕ್ಕೆ ಜಲ್ಲಿ ಬೇಕು, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಬೇಕು. ಬಟ್ಟೆ ಇಲ್ಲದಿದ್ದರೆ ಕೆಲವೇ ಮಳೆಗಾಲದಲ್ಲಿ ಕೆಸರು ತುಂಬಿ ಜಲ್ಲಿ ಕಟ್ಟಿಕೊಳ್ಳುತ್ತದೆ. ನೀರು ಹೊರಬರಲು ಗೋಡೆಯಲ್ಲಿ ಒಂದೂವರೆ ಮೀಟರಿಗೊಂದರಂತೆ 3-4 ಇಂಚಿನ ಪಿವಿಸಿ ಪೈಪು, ಮುಂದಕ್ಕೆ ಇಳಿಜಾರಾಗಿ. ಗಾರೆ ಮಾಡುವಾಗ ಅದರ ಬಾಯಿ ಮುಚ್ಚದಂತೆ ನಿಂತು ನೋಡಿಕೋ. ಇಷ್ಟಾದರೂ 20 ಅಡಿಯ ಗೋಡೆ ಮೇಸ್ತ್ರಿಯ ಅಂದಾಜಿನಲ್ಲಿ ಏಳುವಂಥದ್ದಲ್ಲ.

ಕಡಿಯಲೇಬೇಡಿ ಎಂದರೆ ನೀನು ಒಪ್ಪುವುದಿಲ್ಲ, ಗೊತ್ತು. ಐದಡಿಗಿಂತ ಹೆಚ್ಚು ಒಂದೇ ಏಟಿಗೆ ಬೇಡ. ಮನೆಯನ್ನೇ ಇಳಿಜಾರಿಗೆ ಹೊಂದಿಸಿ ಎರಡು ಮಟ್ಟದಲ್ಲಿ ಮಾಡಿ, ಕೆಳಭಾಗ ಕಂಬದ ಮೇಲೆ ನಿಲ್ಲಲಿ. ಕಡಿದ ಮಣ್ಣನ್ನು ಮುಂದಕ್ಕೆ ಸುರಿದು ಅದರ ಮೇಲೆ ಜಗಲಿ ಕಟ್ಟುವುದಂತೂ ಬೇಡವೇ ಬೇಡ. ಅರ್ಧ ಮನೆ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ನಿಂತರೆ ತುಂಬಿದ ಕಡೆ ಇಳಿಯುತ್ತದೆ, ಬಿರುಕು ನಡುಗೋಡೆಯಲ್ಲಿ ಕಾಣುತ್ತದೆ.

ಇಳಿಜಾರು ಎಷ್ಟಿದೆ ಎಂದು ಅಳೆದಿದ್ದೀರಾ? 10 ಅಡಿ ಪಟ್ಟಿಯ ಒಂದು ತುದಿ ನೆಲಕ್ಕಿಟ್ಟು ಮಟ್ಟವಾಗಿ ಹಿಡಿದಾಗ ಇನ್ನೊಂದು ತುದಿಯ ಕೆಳಗೆ ನೆಲ ಐದೂ ಮುಕ್ಕಾಲು ಅಡಿ ತಗ್ಗಿದ್ದರೆ 30 ಡಿಗ್ರಿ. ಅಷ್ಟಿದ್ದರೆ ಬೇರೆ ಜಾಗ ನೋಡಿ. ಇಲ್ಲದಿದ್ದರೂ ಮೊದಲು 10 ಅಡಿ ಆಳದ ಪರೀಕ್ಷೆ ಗುಂಡಿ ತೆಗೆಸಿ. ಮೇಲೆ ಕಪ್ಪು ಮಣ್ಣು, ಆಮೇಲೆ ಕೆಂಪು ಬರುತ್ತದೆ. ಅದರ ಕೆಳಗೆ ಬಿಳಿ, ಗುಲಾಬಿ, ನೇರಳೆ ಬಣ್ಣದ್ದು ಸಿಕ್ಕರೆ ಕರಾವಳಿಯವರು ಅದಕ್ಕೆ ಶೇಡಿ ಮಣ್ಣು ಎನ್ನುತ್ತಾರೆ. ಒದ್ದೆ ಮಾಡಿ ಬೆರಳಲ್ಲಿ ತಿಕ್ಕು, ಸಾಬೂನಿನ ಹಾಗೆ ಜಾರುತ್ತದೆ. ಬೇಸಿಗೆಯಲ್ಲಿ ಪಿಕಾಸಿಗೂ ಬಗ್ಗದಂತೆ ಕಾಣುವ ಅದೇ ಮಣ್ಣು ನೀರು ಕುಡಿದರೆ ರಾಡಿಯಾಗಿ ಹರಿಯುತ್ತದೆ. ಅದು ಕಂಡರೆ ಆ ಬರೆಗೆ ಕೈ ಹಾಕಬೇಡಿ.

ನೀರಿನ ವಿಷಯಕ್ಕೆ ಬಂದರೆ, ಪೇಟೆಯವರು ಮೆಚ್ಚುವ ಇಂಗುಗುಂಡಿ ಇಲ್ಲಿ ಬೇಡ. 150 ಚದರ ಮೀಟರ್ ಚಾವಣಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 15,000 ಲೀಟರ್. ಅದನ್ನು ಬರೆಗೆ ಇಂಗಿಸದೆ ಪೈಪಿನಲ್ಲೇ ತೋಡಿಗೆ, ಅಂದರೆ ಹಳ್ಳಕ್ಕೆ, ಇಳಿಸಿ. ಬರೆಯ ನೆತ್ತಿಯ ಮೇಲೊಂದು ಚರಂಡಿ ಇರಲಿ, ಕಾಂಕ್ರೀಟಿನದು. ಮಣ್ಣಿನ ಚರಂಡಿ ಎಂದರೆ ಬೇಡದ ಕಡೆ ನೀರು ಇಂಗಿಸಿದ ಹಾಗೆ. ಶೌಚಾಲಯದ ಗುಂಡಿ ಮನೆಯ ಮೇಲ್ಭಾಗದಲ್ಲಿ ಬರಲೇಬಾರದು. ಲಾವಂಚ ನೆಡಿ, ಸಾಲಿನಲ್ಲಿ ಗೇಣಿಗೊಂದು. ಬೇರು ಎರಡು ಮೂರು ಮೀಟರ್ ಇಳಿದು ಮೇಲ್ಮಣ್ಣನ್ನು ಹಿಡಿಯುತ್ತದೆ. ಅದಕ್ಕಿಂತ ಆಳದ ಜಾರಿಕೆಯನ್ನು ಯಾವ ಗಿಡವೂ ತಡೆಯಲಾರದು.

ಸ್ವಂತ ದುಡಿಮೆಯಲ್ಲಿ ಜಾಗ ಕೊಂಡೆಯಲ್ಲ, ಅದು ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಮಾಡಿರದ ಕೆಲಸ. ಊರಿನವರಿಗೆಲ್ಲ ಹೇಳಿದ್ದೇನೆ, ನಿನಗೇ ಹೇಳಿರಲಿಲ್ಲ. ಆದರೆ ಅಲ್ಲಿ ಮಲಗುವವರು ನಿನ್ನನ್ನು ನಂಬಿ ಬರುವ ಅತಿಥಿಗಳು. ಗುಡ್ಡದ ಮೇಲೆ ಅಡ್ಡಕ್ಕೆ ಕಮಾನಿನಂತೆ ಬಿರುಕು ಕಂಡರೆ ಎರಡೂ ಕಡೆ ಗೂಟ ನೆಟ್ಟು ಅಂತರ ಅಳೆ, ಟಾರ್ಪಾಲು ಹೊದಿಸು. ಅಂತರ ಹಿಗ್ಗಿದರೆ ಮನೆ ಖಾಲಿ ಮಾಡಿ. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯುವುದು, ಒರತೆ ಕೆಸರಾಗುವುದು ಕೂಡ ಅಂಥದ್ದೇ ಸೂಚನೆ. ಮಳೆ ಸುರಿಯುತ್ತಿರುವಾಗಲೇ ತೋಡು ಬತ್ತಿದರೆ ಮೇಲೆ ಮಣ್ಣು ಕುಸಿದು ನೀರು ಕಟ್ಟಿದೆ ಎಂದು ಅರ್ಥ. ಸಾಮಾನು ನೋಡುತ್ತ ನಿಲ್ಲದೆ ಓಡಿ, ತೋಡಿನ ಉದ್ದಕ್ಕಲ್ಲ, ಪಕ್ಕದ ಎತ್ತರಕ್ಕೆ. ದಿನಗಟ್ಟಲೆ ನೆನೆದ ನೆಲದ ಮೇಲೆ ಒಂದೇ ದಿನ ಮಳೆ 115 ಮಿಲಿಮೀಟರ್ ದಾಟಿದರೆ ಯಾವ ಸೂಚನೆಗೂ ಕಾಯಬೇಡಿ, ಬುಕಿಂಗ್ ರದ್ದು ಮಾಡಿ.

ಗೋಡೆಯ ಡ್ರಾಯಿಂಗ್ ಆಗಿದ್ದರೆ ವಾಟ್ಸಾಪಿನಲ್ಲಿ ಕಳಿಸು. ಕಲ್ಲಿನ ದಪ್ಪ ಮಾತ್ರ ಸಾಲದು, ಕಲ್ಲಿನ ಹಿಂದೆ ಏನು ತುಂಬುತ್ತಾರೆ, ನೀರು ಎಲ್ಲಿಂದ ಹೊರಗೆ ಬರುತ್ತದೆ ಎಂದು ಅದರಲ್ಲಿ ಬರೆದಿರಬೇಕು.

ನಿನ್ನ
ಅಮ್ಮ